ಯಂತ್ರಕ್ಕೆ ‘ಳ’ ಕಲಿಸಿದ ಅಕ್ಕತಂಗಿ

ನಾಲ್ಕನೇ ಮಹಡಿಯ ಎಡಗಡೆ ಮನೆಯಿಂದ ಸಂಜೆ ‘ಗುಂಯ್’ ಎಂದು ಸದ್ದು ಹೊರಟಿತೆಂದರೆ, ಲಿಫ್ಟ್ ಮೆಕ್ಯಾನಿಕ್ ಕೆಲಸ ಮುಗಿಸಿ ಬಂದು ಕೈಕಾಲು ತೊಳೆದು ಕೂತಳು ಎಂದು ಇಡೀ ಕಟ್ಟಡಕ್ಕೆ ತಿಳಿಯುತ್ತಿತ್ತು. ಹಾಗಾಗಿ ಅವಳಿಗೆ ಗುಂಯ್ಯಕ್ಕ ಎಂದು ಹೆಸರು ಬಿತ್ತು. ಮೊದಲು ಕರೆದವರು ಯಾರೋ ಗೊತ್ತಿಲ್ಲ. ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಬಾಗಿಲ ಮೇಲಿನ ಫಲಕಕ್ಕೇ ಆ ಹೆಸರು ಬರೆಸಿಬಿಟ್ಟಳು. ಬರೆದುಕೊಟ್ಟವನು ಗಂಡ. ಅವನು ಮನೆಗಳಿಗೆ ಬಣ್ಣ ಬಳಿಯುವವನು. ಒಂದು ಕಿವಿ ಚುರುಕು, ಇನ್ನೊಂದು ಹೆಸರಿಗೆ ಮಾತ್ರ. “ದೇವರು ಎಷ್ಟು ಮುಂದಾಲೋಚನೆ ಮಾಡಿದಾನೆ ನೋಡಿ! ಇಂಥ ಹೆಂಡತಿ ಸಿಗ್ತಾಳೆ ಅಂತ ಗೊತ್ತಿದ್ದೇ ನನಗೆ ಅರ್ಧ ಕಿವಿ ಕೊಟ್ಟಿದಾನೆ” ಎಂದು ನೆರೆಹೊರೆಯವರ ಮುಂದೆ ಹೇಳಿ ನಗುತ್ತಿದ್ದ.

ಅವಳ ಓರಗೆಯ ಹುಡುಗಿಯರು ಟೈಪಿಂಗ್ ಕಲಿಯಲು ಹೋಗುತ್ತಿದ್ದಾಗ ಅವಳು ವಿದ್ಯುತ್ ಕೆಲಸ ಕಲಿಯಲು ಹೋದಳು. ಲಿಫ್ಟ್ ಕಂಪನಿಯಲ್ಲಿ ಮೊದಲ ವರ್ಷ ಅವಳಿಗೆ ಎಣ್ಣೆ ಹಾಕುವ, ಒರೆಸುವ ಕೆಲಸ ಬಿಟ್ಟರೆ ಬೇರೇನನ್ನೂ ಕೊಡುತ್ತಿರಲಿಲ್ಲ. ಆದರೆ ಅವಳ ಕಿವಿ ಬಲು ಸೂಕ್ಷ್ಮ. ಲಿಫ್ಟು ಓಡಾಡುವ ಆ ಉದ್ದನೆಯ ಕತ್ತಲೆ ಬಾವಿಯ ತಳದಲ್ಲಿ ನಿಂತು, ಮೇಲೆ ಯಾವ ಚಕ್ರ ಸವೆದಿದೆ, ಯಾವ ಬಾಗಿಲು ಅಂಟುತ್ತಿದೆ ಎಂದು ಕೇಳಿಯೇ ಹೇಳುತ್ತಿದ್ದಳು. ಒಂದು ಹಳೇ ಕಟ್ಟಡದ ಚಾವಣಿಯ ಮೇಲೆ ಒಂದು ಮುದಿ ಮೋಟರ್ ಇತ್ತು. ಅದು ಹೊರಡುವಾಗ ನೆಲದಾಳದಿಂದ ಎದ್ದಂತೆ ತಗ್ಗಿನಲ್ಲಿ ಶುರುವಾಗಿ, ಜಾರುತ್ತ ಜಾರುತ್ತ ಮೇಲಕ್ಕೆ ಹೋಗಿ, ತುತ್ತತುದಿಯಲ್ಲಿ ನಡುಗಿ ನಿಲ್ಲುತ್ತಿತ್ತು. ಅದನ್ನು ಕೇಳಲಿಕ್ಕೆಂದೇ ಅವಳು ಸುಮ್ಮಸುಮ್ಮನೆ ಬಟನ್ ಒತ್ತುತ್ತಿದ್ದಳು.

“ಏನಮ್ಮಾ, ಲಿಫ್ಟ್ ರಿಪೇರಿ ಮಾಡ್ತಿದೀಯೋ, ಸಂಗೀತ ಕೇಳ್ತಿದೀಯೋ?” ಎಂದು ಮೇಸ್ತ್ರಿ ಕೇಳಿದ.

“ಎರಡೂ” ಎಂದಳು.

ಆ ಸದ್ದು ಮನೆಯಲ್ಲೂ ಬೇಕು ಎನ್ನಿಸಿತು. ಬಿಸ್ಕತ್ತಿನ ಡಬ್ಬದ ಮುಚ್ಚಳದ ಮೇಲೆ ನಾಲ್ಕಾರು ಬಿಡಿಭಾಗ ಬೆಸೆದು, ಪುಟ್ಟ ಸ್ಪೀಕರೊಂದನ್ನು ಜೋಡಿಸಿ, ಹಾಗೆ ಜಾರಿ ಏರುವ ಒಂದು ದನಿ ಹುಟ್ಟಿಸಿದಳು. ಹಿಡಿದ ಹುಚ್ಚು ಮತ್ತೆ ಬಿಡಲಿಲ್ಲ. ಮದುವೆಯಾಗಿ ಬಂದಾಗ ಸೀರೆಗಳ ಮಧ್ಯೆ ತಂತಿ ಬೆಸೆಯುವ ಸೋಲ್ಡರಿಂಗ್ ಐರನ್ ಇಟ್ಟುಕೊಂಡು ಬಂದಿದ್ದಳು. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಕೂದಲು ಗುಂಗುರು ಮಾಡ್ಕೊಳೋದಾ?” ಎಂದು ಕೇಳಿ, ಪ್ಲಗ್ಗಿಗೆ ಸಿಕ್ಕಿಸಿ ಕಾಯಿಸಿ ತಮ್ಮ ಜಡೆಯ ಹತ್ತಿರ ಒಯ್ದದ್ದನ್ನು ನೋಡಿ ಹೊಸ ಸೊಸೆ ಕಿರುಚಿದ್ದೇ ಆ ಮನೆಯಲ್ಲಿ ಅವಳ ಮೊದಲ ಮಾತು.

ಈಗ ಅವಳಿಗೆ ಐವತ್ತರ ಆಸುಪಾಸು. ಬಿಸ್ಕತ್ತಿನ ಡಬ್ಬ ಬೆಳೆದು ಬೆಳೆದು ಅಡುಗೆಮನೆಯ ಹಳೇ ಡ್ರಾಯರಿನಷ್ಟಾಗಿತ್ತು. ಅಷ್ಟಾಗಿತ್ತು ಎಂದರೇನು, ಅದು ಅಡುಗೆಮನೆಯ ಹಳೇ ಡ್ರಾಯರೇ. ಮೇಲೆ ಕೆಟ್ಟ ಗ್ಯಾಸ್ ಒಲೆಗಳಿಂದ ಕಿತ್ತ ತಿರುಗಣೆಗಳು, ಮುಂದೆ ಮಕ್ಕಳ ಆಟದ ಪಿಯಾನೊದ, ಬೆರಳಿನಿಂದ ಒತ್ತುವ ಕಪ್ಪುಬಿಳುಪು ಮನೆಗಳು. ತಿಳಿದವರು ಇಂಥದ್ದಕ್ಕೆ ಸಿಂಥಸೈಜರ್ ಎನ್ನುತ್ತಾರೆ; ಆ ಮನೆಯಲ್ಲಿ ಅದು ಬರೀ ‘ಪೆಟ್ಟಿಗೆ’. ಅದರ ಒಂದು ಭಾಗ ಸದ್ದು ಹುಟ್ಟಿಸುತ್ತದೆ. ಇನ್ನೊಂದು ಅದನ್ನು ಚಹಾ ಸೋಸಿದ ಹಾಗೆ ಸೋಸುತ್ತದೆ. ಅದರ ತಿರುಗಣೆಯನ್ನು ಒಂದು ಕಡೆ ತಿರುಗಿಸಿದರೆ ಕೀರಲು ಅಂಶವೆಲ್ಲ ಉಳಿದು ದನಿ ಹೊಳೆಯುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಕಂಬಳಿ ಹೊದ್ದಂತೆ ಮಂಕಾಗುತ್ತದೆ. ನಾಣ್ಯ ಹಾಕಿ ಆಡುವ ಆಟದ ಯಂತ್ರವೊಂದು ಗುಜರಿಗೆ ಬಿದ್ದಾಗ ಅದರೊಳಗಿನ ಸದ್ದು ಮಾಡುವ ಎಲೆಕ್ಟ್ರಾನಿಕ್ ಚಿಪ್ಪನ್ನೂ ಬಿಚ್ಚಿ ತಂದು ಇದಕ್ಕೆ ಸೇರಿಸಿದ್ದಳು. ಒಂದೇ ಸಲಕ್ಕೆ ಮೂರು ಸ್ವರ ನುಡಿಸಬಲ್ಲ, ಜೊತೆಗೆ ಭುಸ್ಸೆಂದು ಗಾಳಿಯ ಸದ್ದನ್ನೂ ಮಾಡಬಲ್ಲ ಚಿಪ್ಪು ಅದು. ಅದು ಬಂದ ದಿನದಿಂದ ‘ಗುಂಯ್’ ಜೊತೆಗೆ ‘ಟಿವ್ ಟಿವ್’ ಕೂಡ ಸೇರಿಕೊಂಡಿತು.

ಎದುರುಗಡೆ, ಅದೇ ಮಹಡಿಯ ಬಲಗಡೆ ಮನೆಯಲ್ಲಿ, ಅವಳ ಸ್ವಂತ ಅಕ್ಕ ಇದ್ದಳು. ಹಾಡು ಕಲಿಸುವ ಟೀಚರು. ಮದುವೆ ಬೇಡವೆಂದವಳು, ಬಾಯಿ ತುಂಬ ಹಾಡು, ಮನೆ ತುಂಬ ಮಕ್ಕಳು. ಕಟ್ಟಡದವರಿಗೆ ಅವಳು ಟೀಚರಕ್ಕ. ಅವಳ ಪಾಠದಲ್ಲಿ ಸ್ವರ ತಪ್ಪಿದರೆ ಕ್ಷಮೆ ಉಂಟು, ಅಕ್ಷರ ತಪ್ಪಿದರೆ ಇಲ್ಲ. ಅದರಲ್ಲೂ ‘ಳ’ಕ್ಕೆ ‘ಲ’ ಅಂದವರ ಕತೆ ಮುಗಿಯಿತು. ಅಂಥವರಿಗೆಂದೇ ಅವಳೊಂದು ಪದ್ಯ ಕಟ್ಟಿದ್ದಳು. ತಪ್ಪಿದವರು ಎದ್ದು ನಿಂತು ಅದನ್ನು ಒಂದೇ ಉಸಿರಿನಲ್ಲಿ ಹೇಳಬೇಕು:

ಕೊಳದೊಳಗೊಂದು ಮೊಸಳೆ,
ಮೊಸಳೆಯ ಹಲ್ಲಲಿ ಹಾಳೆ,
ಹಾಳೆಯ ಕೇಳಲು ಬಂದಳು ಬಾಲೆ,
‘ನಾಳೆ ಬಾ’ ಎಂದಿತು ಮೊಸಳೆ.

ಅಕ್ಕತಂಗಿಗೆ ಪ್ರೀತಿ ಇರಲಿಲ್ಲ ಎಂದಲ್ಲ. ಈ ಮನೆಯ ಸೂಪು ಆ ಮನೆಗೆ, ಆ ಮನೆಯ ಬ್ರೆಡ್ಡು ಈ ಮನೆಗೆ ದಿನವೂ ಹೋಗಿಬರುತ್ತಿತ್ತು. ಪೆಟ್ಟಿಗೆಯ ವಿಷಯ ಬಂದರೆ ಮಾತ್ರ ಇಬ್ಬರಿಗೂ ಎಣ್ಣೆ ಸೀಗೇಕಾಯಿ. ಹಾಡಿನ ನಡುವೆ ‘ಗುಂಯ್’ ಎಂದಿತೋ, ಟೀಚರಕ್ಕ ಬಾಗಿಲು ತೆಗೆದು ಕೂಗುತ್ತಿದ್ದಳು: “ಏ, ಆ ಸೊಳ್ಳೆಗೆ ಏನಾದ್ರೂ ಔಷಧಿ ಹೊಡಿಯೇ!”

“ಸೊಳ್ಳೆ ಅಲ್ಲ ಕಣೇ ಅಕ್ಕಾ, ಅದು ಸ್ವರ!”

“ಸ್ವರ ಅಂತೆ ಸ್ವರ! ಸಂಗೀತಕ್ಕೂ ಅದಕ್ಕೂ ಏನೇ ಸಂಬಂಧ?”

ಒಮ್ಮೆ ಕೂಡ ಅವಳು ತಂಗಿಯ ಕೆಲಸದ ಕೋಣೆಯೊಳಗೆ ಕಾಲಿಟ್ಟವಳಲ್ಲ.

ಹೀಗಿರುವಾಗ ಗುಜರಿ ಅಂಗಡಿಯವನು ಒಂದು ದಿನ ಗುಂಯ್ಯಕ್ಕನನ್ನು ಕರೆದ. “ಅಕ್ಕಾ, ಈ ಯಂತ್ರ ನಿಮಗೇ ಅಂತ ಎತ್ತಿಟ್ಟಿದೀನಿ. ಯಾವುದೋ ಲೈಬ್ರರಿ ಮುಚ್ಚಿದ್ರು, ಅಲ್ಲಿಂದ ಬಂತು. ಕಣ್ಣು ಕಾಣದವರಿಗೆ ಪುಸ್ತಕ ಓದಿ ಹೇಳ್ತಿತ್ತಂತೆ. ಈಗ ಮೌನವ್ರತ.”

ಅವಳು ಅಲ್ಲೇ ನೆಲದ ಮೇಲೆ ಕೂತು ಸ್ಕ್ರೂ ಬಿಚ್ಚಿ ನೋಡಿದಳು. ಧೂಳು, ಜೇಡರ ಬಲೆ, ಒಂದು ಸತ್ತ ಜಿರಳೆ, ಅದರ ಪಕ್ಕದಲ್ಲಿ ಜರಿಹುಳದ ಹಾಗೆ ಎರಡೂ ಕಡೆ ಕಾಲು ಚಾಚಿದ ಒಂದು ಕಪ್ಪು ಚಿಪ್ಪು. ಮಾತಾಡುವ ಚಿಪ್ಪು! ಇಂಥದ್ದನ್ನು ಎಲ್ಲೋ ಓದಿದ್ದಳೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಇದರೊಳಗೆ ಯಾರ ದನಿಯನ್ನೂ ಹಿಡಿದಿಟ್ಟಿರುವುದಿಲ್ಲ. ಇರುವುದು ಮಾತಿನ ಚೂರುಗಳು: ‘ಆ’ ಒಂದು, ‘ಮ್’ ಒಂದು, ‘ಸ್’ ಒಂದು, ಹೀಗೆ. ಯಾವ ಚೂರಿನ ಹಿಂದೆ ಯಾವುದು ಬರಬೇಕೆಂದು ಹೊರಗಿನಿಂದ ಅಪ್ಪಣೆ ಕೊಟ್ಟರೆ ಹೂ ಪೋಣಿಸಿದ ಹಾಗೆ ಪೋಣಿಸಿ ನುಡಿಯುತ್ತದೆ.

ಮನೆಗೆ ತಂದು, ಬೆರಳುದ್ದದ ಒಂದು ಕಂಪ್ಯೂಟರ್ ಬೋರ್ಡನ್ನು ಅಪ್ಪಣೆ ಕೊಡಲು ಕೂರಿಸಿ, ಪರೀಕ್ಷೆಗೆಂದು ಅದರಲ್ಲಿ ಎರಡು ಮಾತು ಬರೆದು, ವಿದ್ಯುತ್ ಕೊಟ್ಟಳು. ಚಿಪ್ಪು ಮಾತಾಡಲಿಲ್ಲ. ಮರುದಿನವೂ ಇಲ್ಲ. ಬಂದವನೇ ಗಂಡ ಕೇಳುತ್ತಿದ್ದ: “ಏನಂತೆ, ಇವತ್ತಾದ್ರೂ ಬಾಯಿ ಬಿಟ್ರಾ?” ಅವಳು ತಲೆ ಅಲ್ಲಾಡಿಸುತ್ತಿದ್ದಳು. ಕೊನೆಗೆ ಚಿಪ್ಪು ಮೊದಲಿಂದ ಕೂತಿದ್ದ ಹಳೇ ಬೋರ್ಡಿನ ಮೇಲೆ ಒಂದು ಬಿಡಿಭಾಗ ಮುರಿದು ಹೋಗಿ ಬರೀ ಎರಡು ತಂತಿಯ ತುದಿ ಉಳಿದಿರುವುದು ಕಣ್ಣಿಗೆ ಬಿತ್ತು. ಅಕ್ಕಿಕಾಳಿನಷ್ಟು ಕೆಪಾಸಿಟರ್. ಚಿಪ್ಪಿಗೆ ಎಷ್ಟು ವೇಗದಲ್ಲಿ ಮಾತಾಡಬೇಕೆಂದು ತಾಳ ಹಾಕಿಕೊಡುವುದೇ ಅದು. ತಾಳವೇ ಇಲ್ಲದೆ ಪಾಪ, ಅದು ಬಾಯಿ ತೆರೆಯುವುದಾದರೂ ಹೇಗೆ?

ಹೊಸದೊಂದನ್ನು ಬೆಸೆದಳು. ಇರುವೆಗಳು ಜಗಳವಾಡಿದ ಹಾಗೆ ಚಿಂವ್‌ಚಿಂವ್ ಎಂದು ಏನೋ ಹಾರಿಹೋಯಿತು. ವೇಗಕ್ಕೊಂದು ತಿರುಗಣೆ ಇಟ್ಟು ಮೆಲ್ಲಗೆ ತಿರುಗಿಸಿದಳು. ಇರುವೆ ಮಗುವಾಯಿತು, ಮಗು ಹೆಂಗಸಾಯಿತು, ಹೆಂಗಸು ಗಂಡಸಾಗಿ, ನೆಗಡಿಯಾದವನೊಬ್ಬ ಖಾಲಿ ಬಕೆಟ್ಟಿನೊಳಗೆ ಮುಖ ಇಟ್ಟು ಹೇಳಿದ ಹಾಗೆ ಕೇಳಿಸಿತು:

“ಚಾ ಬೇಕೂ.”

ಒಳಗಿನಿಂದ ಗಂಡ ರೇಗಿದ. “ಈಗ ತಾನೇ ಕೊಟ್ಟೆನಲ್ಲೇ! ಅದೇನು ಗಂಟಲು ಹಾಗಾಗಿದೆ?”

ಅವಳು ನಕ್ಕು ನಕ್ಕು ಕುರ್ಚಿಯಿಂದ ಜಾರಿ ಕೂತಳು. ಗಂಡ ಬಂದು ನೋಡಿ, ತಿಳಿದು, ಪೆಟ್ಟಿಗೆಗೆ ಕೈ ಮುಗಿದು, ನಿಜವಾಗಿ ಒಂದು ಲೋಟ ಚಹಾ ತಂದು ಅದರ ಮುಂದಿಟ್ಟ.

ಆಮೇಲೆ ಚಿಪ್ಪಿನ ದನಿಯನ್ನು ಪೆಟ್ಟಿಗೆಯ ಸೋಸುವ ಭಾಗದ ಮೂಲಕ ಹಾಯಿಸಿ, ಪಿಯಾನೊ ಮನೆಗಳಿಗೂ ಜೋಡಿಸಿದಳು. ಈಗ ಪಿಯಾನೊದ ಯಾವ ಸ್ವರದ ಮನೆ ಒತ್ತಿದರೂ ಯಂತ್ರ ಅದೇ ಸ್ವರದಲ್ಲಿ ‘ಆ’ ಎನ್ನುತ್ತಿತ್ತು, ‘ಬಾ’ ಎನ್ನುತ್ತಿತ್ತು. ಎದುರುಮನೆಯ ಬಾಗಿಲು ತೆರೆಯಿತು. “ನಿನ್ನ ಪೆಟ್ಟಿಗೆಗೆ ಜ್ವರ ಬಂದಿದೆಯೇನೇ? ನರಳ್ತಾ ಇದೆ!”

ನಗುವ ಮಾತೇ ಆದರೂ ಅಂದು ಟೀಚರಕ್ಕನ ದನಿ ಒಡೆದಿತ್ತು. ಮರುವಾರ ಇನ್ನೂ ಒಡೆಯಿತು. ಗುಂಯ್ಯಕ್ಕನೇ ಒತ್ತಾಯ ಮಾಡಿ ಗಂಟಲು ಡಾಕ್ಟರ ಬಳಿ ಕರೆದುಕೊಂಡು ಹೋದಳು. ಡಾಕ್ಟರು ನೋಡಿ, “ಧ್ವನಿತಂತುಗಳ ಮೇಲೆ ಸಣ್ಣ ಗಂಟುಗಳಿವೆ. ಹೆದರಬೇಡಿ, ಸುಮ್ಮನಿದ್ದರೆ ತಾವೇ ಕರಗ್ತವೆ. ಆದರೆ ಸುಮ್ಮನೆ ಅಂದ್ರೆ ಸುಮ್ಮನೆ. ಹಾಡು ಬೇಡ, ಮಾತು ಬೇಡ, ಪಿಸುಮಾತೂ ಬೇಡ. ನಾನು ಹೇಳೋವರೆಗೆ” ಎಂದರು.

ಮೀನಿಗೆ ಈಜಬೇಡ ಎಂದ ಹಾಗಾಯಿತು. ಮಕ್ಕಳ ಕಾರ್ಯಕ್ರಮ ಹತ್ತಿರ ಬಂದಿತ್ತು. ಶಾಲೆಯ ಹಾಲ್ ಗೊತ್ತುಮಾಡಿ ಆಗಿತ್ತು. ಟೀಚರಕ್ಕ ಕರಿಹಲಗೆ ತೂಗುಹಾಕಿ, ಬರೆದು ತೋರಿಸಿ, ಚಪ್ಪಾಳೆ ತಟ್ಟಿ, ಕಣ್ಣು ಬಿಟ್ಟು ಪಾಠ ಮಾಡಲು ನೋಡಿದಳು. ಮಕ್ಕಳೇನು ಕಡಿಮೆಯೇ? ಟೀಚರ್ ಬೈಯಲಾರರು ಎಂದು ತಿಳಿದದ್ದೇ ತಡ, ಒಬ್ಬಳು ಕಿಟಕಿ ಏರಿದಳು, ಇಬ್ಬರು ಹಾರ್ಮೋನಿಯಂ ಮೇಲೆ ಕುಸ್ತಿಗಿಳಿದರು. ಗದ್ದಲ ಕೇಳಿ ಗುಂಯ್ಯಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಯಾವತ್ತೂ ಸೋತು ಕೂತವಳಲ್ಲ ಅವಳು.

“ಅಕ್ಕಾ, ನಿನ್ನ ಬದಲು ನನ್ನ ಪೆಟ್ಟಿಗೆ ಮಾತಾಡಲಾ?” ಎಂದಳು.

ಟೀಚರಕ್ಕ ಹಣೆ ಚಚ್ಚಿಕೊಂಡಳು. ಸ್ವಲ್ಪ ಹೊತ್ತು ಕುಸ್ತಿಯನ್ನು ನೋಡಿದಳು. ಆಮೇಲೆ ‘ಆಗಲಿ, ಅದೂ ಒಂದು ಆಗಿಹೋಗಲಿ’ ಎಂಬಂತೆ ಕೈ ಬೀಸಿದಳು.

ಗುಂಯ್ಯಕ್ಕ ಹಿಗ್ಗಿ ಹೀರೇಕಾಯಿ ಆದಳು. ಪೆಟ್ಟಿಗೆಗೆ ದೊಡ್ಡ ದೊಡ್ಡ ಬಟನ್ ಕೂರಿಸಿದಳು. ಗಂಡ ಒಂದೊಂದಕ್ಕೂ ಒಂದೊಂದು ಬಣ್ಣ ಬಳಿದ. ಬಿಳಿ ಒತ್ತಿದರೆ ‘ಮಕ್ಕಳೇ’, ಕೆಂಪಿಗೆ ‘ಸುಮ್ನಿರಿ’, ನೀಲಿಗೆ ‘ನೆಟ್ಟಗೆ ಕೂತ್ಕೊಳ್ಳಿ’, ಹಳದಿಗೆ ‘ಮತ್ತೊಂದ್ಸಲ’, ಹಸಿರಿಗೆ ‘ಎಲ್ಲರೂ ಹೇಳಿ’. ಒಂದೇ ಒಂದು ತೊಡಕಿತ್ತು. ಚಿಪ್ಪು ಹುಟ್ಟಿದ್ದು ಬೇರೆ ಭಾಷೆಯವರ ಕೈಯಲ್ಲಿ. ಅವರ ಮಾತಿನಲ್ಲಿ ‘ಳ’ ಇಲ್ಲ. ಹಾಗಾಗಿ ಚೂರುಗಳಲ್ಲೂ ‘ಳ’ ಇರಲಿಲ್ಲ. ‘ಲ’ವೇ ಇರಲಿ, ಗದ್ದಲದಲ್ಲಿ ಯಾರಿಗೆ ಗೊತ್ತಾಗುತ್ತೆ ಎಂದುಕೊಂಡಳು. ಪರೀಕ್ಷೆಗೆ ಗಂಡನನ್ನು ಕೂರಿಸಿ ಎಲ್ಲ ಬಟನ್ನೂ ಒತ್ತಿ ತೋರಿಸಿದಳು.

“ಗಂಟೆ ಹೊಡೆದ ಹಾಗಿದೆ ಕಣೇ! ಒಂದಕ್ಷರ ಆಚೀಚೆ ಇಲ್ಲ” ಎಂದ ಅವನು.

ಮರುದಿನ ಸಂಜೆ ಪೆಟ್ಟಿಗೆ ಟೀಚರಕ್ಕನ ಮುಂದೆ ಕೂತಿತು. ಮಕ್ಕಳು ಮೂಗಿನ ಮೇಲೆ ಬೆರಳಿಟ್ಟು ಸುತ್ತ ನೆರೆದರು. ಟೀಚರಕ್ಕ ಗಂಭೀರವಾಗಿ ಬಿಳಿ ಬಟನ್ ಒತ್ತಿದಳು.

“ಮಕ್ಕಲೇ” ಎಂದಿತು ಪೆಟ್ಟಿಗೆ.

ಟೀಚರಕ್ಕನ ಹುಬ್ಬು ಗಂಟಿಕ್ಕಿತು. ಯಾರೋ ಕಿಸಕ್ಕೆಂದರು. ಅವಳು ನೀಲಿ ಒತ್ತಿದಳು.

“ನೆಟ್ಟಗೆ ಕೂತ್ಕೊಲ್ಲಿ.”

“ಕೂತ್ಕೊಂಡು ಯಾರನ್ನ ಕೊಲ್ಲಬೇಕು ಟೀಚರ್?” ಎಂದಳು ಕಿಟಕಿ ಏರುವ ಹುಡುಗಿ.

ನಗುವಿನ ಅಲೆ ಎದ್ದಿತು. ಅದನ್ನು ಅಡಗಿಸುವ ಅವಸರದಲ್ಲಿ ಟೀಚರಕ್ಕ ಕೆಂಪಿಗೆ ಹಾಕಬೇಕಾದ ಬೆರಳನ್ನು ಹಸಿರಿಗೆ ಹಾಕಿದಳು. ‘ಎಲ್ಲರೂ ಹೇಳಿ’ ಎಂಬ ಮಾತಿನಲ್ಲಿ ಆ ಒಂದು ಅಕ್ಷರ ಬದಲಾದರೆ ಅಪ್ಪಣೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನಮ್ಮ ಮಾತು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪೆಟ್ಟಿಗೆ ಅದನ್ನು ಬಕೆಟ್ಟಿನೊಳಗಿನ ದನಿಯಲ್ಲಿ, ಬಹಳ ಮರ್ಯಾದೆಯಿಂದ, ಇಡೀ ತರಗತಿಗೆ ಅಪ್ಪಣೆ ಮಾಡಿತು.

ಮಕ್ಕಳು ಚಾಪೆಯ ಮೇಲೆ ಬಿದ್ದು ಹೊರಳಾಡಿದರು. ಒಬ್ಬನಿಗೆ ಬಿಕ್ಕಳಿಕೆ ಹತ್ತಿತು. ಮಗುವನ್ನು ಕರೆದೊಯ್ಯಲು ಬಂದಿದ್ದ ಒಬ್ಬ ತಾಯಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಕುಸಿದಳು. ಗುಂಯ್ಯಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಮೆಲ್ಲಗೆ ಅಕ್ಕನ ಕಡೆ ನೋಡಿದಳು. ಟೀಚರಕ್ಕನ ಭುಜಗಳು ಅಲುಗುತ್ತಿದ್ದವು, ಮುಖ ಕೆಂಪಾಗಿತ್ತು. ಅಳುತ್ತಿದ್ದಾಳೆ ಎಂದುಕೊಂಡಳು. ಅಳುವಲ್ಲ ಅದು. ದನಿ ಹೊರಡಬಾರದೆಂದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು.

ನಕ್ಕು ಮುಗಿದ ಮೇಲೆ ಎದ್ದಳು. ಕರಿಹಲಗೆಯ ಮೇಲೆ ಆಳೆತ್ತರದ ‘ಳ’ ಬರೆದು ಅದರ ಕೆಳಗೆ ಗೆರೆ ಎಳೆದಳು. ಮಕ್ಕಳನ್ನು ಮನೆಗೆ ಅಟ್ಟಿದಳು. ಪೆಟ್ಟಿಗೆಯನ್ನು ಕಂಕುಳಿಗೆ ಏರಿಸಿಕೊಂಡು, ತಂಗಿಯ ಕೈ ಹಿಡಿದು ಎಳೆಯುತ್ತ, ಎದುರು ಮನೆಗೆ ನಡೆದು, ಆ ಕೆಲಸದ ಕೋಣೆಯೊಳಗೆ ಹೊಕ್ಕು ಸ್ಟೂಲೆಳೆದುಕೊಂಡು ಕೂತಳು. ಅಕ್ಷರ ತಪ್ಪಿದ ಶಿಷ್ಯ ಮಗುವಾದರೇನು, ಡ್ರಾಯರಾದರೇನು?

ಅಂದಿನಿಂದ ದಿನವೂ ಸಂಜೆ ಪಾಠ. ಗುಂಯ್ಯಕ್ಕ ಇದ್ದ ಚೂರುಗಳನ್ನೇ ಹೆಣೆದು ನೋಡಿದಳು. ‘ರ್’ ಮತ್ತು ‘ಲ್’ ಸೇರಿಸಿದರೆ “ಹೇರ್ಲಿ” ಎಂದಿತು. ಟೀಚರಕ್ಕ ತಲೆ ಅಲ್ಲಾಡಿಸಿದಳು. ‘ಡ್’ ಮತ್ತು ‘ಲ್’ ಸೇರಿಸಿದರೆ “ಹೇಡ್ಲಿ”.

“ಇದ್ಯಾರು ಹೊಸಬರು?” ಎಂದು ಆ ಕಡೆ ಹಾದುಹೋಗುತ್ತಿದ್ದ ಗಂಡ ಕೇಳಿದ.

“ಅಕ್ಕಾ, ನೀನು ಒಂದೇ ಒಂದ್ಸಲ ಹೇಳಿ ತೋರಿಸಿದ್ರೆ...” ಎಂದು ಶುರುಮಾಡಿದ ತಂಗಿ ನಾಲಿಗೆ ಕಚ್ಚಿಕೊಂಡಳು. ಅಕ್ಕ ಗಂಟಲು ಮುಟ್ಟಿ ಕೈ ಆಡಿಸಿದಳು. ಆಮೇಲೆ ಏನೋ ಹೊಳೆದು, ಅಂಗೈಯನ್ನು ನಾಲಿಗೆಯ ಹಾಗೆ ಚಪ್ಪಟೆ ಹಿಡಿದು, ಬೆರಳ ತುದಿಯನ್ನು ಹಿಂದಕ್ಕೆ ಮಡಿಸಿ ತೋರಿಸಿದಳು. ತಂಗಿಗೆ ಅರ್ಧ ಅರ್ಥವಾಯಿತು. ಲಿಫ್ಟಿನ ಬಾವಿಗೆ ಬಿಡುವ ಟಾರ್ಚನ್ನೇ ತಂದು, “ಆ ಮಾಡು” ಎಂದಳು. ಟೀಚರಕ್ಕ ಬಾಯಿ ತೆರೆದು, ದನಿ ಮಾಡದೆ, ಬರೀ ನಾಲಿಗೆಯಲ್ಲಿ ಒಮ್ಮೆ ‘ಲ’, ಒಮ್ಮೆ ‘ಳ’ ಆಡಿಸಿದಳು. ಗುಂಯ್ಯಕ್ಕ ಬಗ್ಗಿ ನೋಡಿದಳು. ‘ಲ’ಕ್ಕೆ ನಾಲಿಗೆ ಹಲ್ಲಿನ ಹಿಂದೆ ಅಂಟುತ್ತಿತ್ತು. ‘ಳ’ಕ್ಕೆ ಮಡಿಚಿ ಹಿಂದೆ ಸರಿದಾಗ ಹಲ್ಲಿಗೂ ನಾಲಿಗೆಗೂ ನಡುವೆ ಪುಟ್ಟದೊಂದು ಖಾಲಿ ಕೋಣೆ ಏರ್ಪಡುತ್ತಿತ್ತು.

“ಓ!” ಎಂದಳು.

ಖಾಲಿ ಕೋಣೆ ಎಂದರೆ ಅವಳಿಗೆ ಗೊತ್ತು. ಸದ್ದು ಅದೇ ಇದ್ದರೂ, ಅದು ಸುತ್ತಾಡುವ ಜಾಗ ಬದಲಾದರೆ ದನಿಯ ಬಣ್ಣ ಬದಲಾಗುತ್ತದೆ. ಬರೀ ಕೊಡ ಒಂದು ಥರ, ಅರ್ಧ ತುಂಬಿದ ಕೊಡ ಇನ್ನೊಂದು ಥರ. ‘ಳ’ದ ಕೋಣೆ ಕೀರಲನ್ನು ನುಂಗಿ ದನಿಯನ್ನು ಮಂಕು ಮಾಡುತ್ತದೆ. ಹಾಗಾದರೆ ಬೇಕಾದದ್ದು ಹೊಸ ಚೂರಲ್ಲ. ‘ಲ’ ನುಡಿಯುವ ಆ ಕ್ಷಣಕ್ಕೆ ಮಾತ್ರ ದನಿ ಮಂಕಾಗಿ, ಮತ್ತೆ ಬೆಳಗಬೇಕು. ಚಿಪ್ಪಿನ ಕೈಲಿ ಅದಾಗದು. ಆದರೆ ಚಿಪ್ಪು ಕೂತಿರುವುದು ಎಲ್ಲಿ? ಸೋಸುವ ತಿರುಗಣೆ ಇರುವ ಪೆಟ್ಟಿಗೆಯಲ್ಲಿ!

ತಿರುಗಣೆಯ ಮೇಲೆ ಕೈ ಇಟ್ಟು ಹಸಿರು ಬಟನ್ ಒತ್ತಿದಳು. “ಎಲ್ಲರೂ ಹೇ...” ಎನ್ನುವಷ್ಟರಲ್ಲಿ ಸರ್ರನೆ ತಿರುಗಿಸಿದಳು. ಏನೋ ಗಬಕ್ ಎಂದಿತು. ಟೀಚರಕ್ಕನ ಕಿವಿ ನಿಮಿರಿತು. ಬೆರಳಲ್ಲಿ ಸನ್ನೆ ಮಾಡಿದಳು: ಇನ್ನೂ ಸ್ವಲ್ಪ ಮುಂಚೆ. ಮತ್ತೆ ಒತ್ತಿದಳು. ಅಂಗೈ ತಗ್ಗಿಸಿದಳು: ಅಷ್ಟು ಬೇಡ. ಮತ್ತೆ. ಈಗ ನಿಧಾನವಾಯಿತು. ಮತ್ತೆ. ಟೀಚರಕ್ಕ ಕಣ್ಣು ಮುಚ್ಚಿ, ಶಿಷ್ಯರಿಗೆ ತಾಳ ತೋರಿಸುವ ಹಾಗೆ ಗಾಳಿಯಲ್ಲಿ ಕೈ ಆಡಿಸುತ್ತ, ತಂಗಿಯ ಬೆರಳನ್ನು ಕೂದಲೆಳೆಯಷ್ಟು ಅತ್ತ ಇತ್ತ ನಡೆಸಿದಳು. ಒಬ್ಬಳ ಕಿವಿ, ಇನ್ನೊಬ್ಬಳ ಕೈ.

“ಎಲ್ಲರೂ ಹೇಳಿ” ಎಂದಿತು ಪೆಟ್ಟಿಗೆ.

ಗಾಳಿಯಲ್ಲಿದ್ದ ಕೈ ಹಾಗೇ ನಿಂತಿತು. ಟೀಚರಕ್ಕ ಕಣ್ಣು ತೆರೆದಳು, ಬಾಯಿ ತೆರೆದಳು, ಇನ್ನೇನು ಕೂಗಬೇಕು, ಗುಂಯ್ಯಕ್ಕ ಹಾರಿ ಬಂದು ಅವಳ ಬಾಯಿ ಮುಚ್ಚಿದಳು. “ಮಾತಾಡ್ಬೇಡ! ಮಾತಾಡ್ಬೇಡ್ವೇ! ನಿನ್ನ ಪಾಲಿಂದೂ ನಾನೇ ಕೂಗ್ತೀನಿ!” ಎಂದು ತಾನೇ ಕೂಗಿದಳು. ಇಬ್ಬರೂ ಕೈ ಕೈ ಹಿಡಿದು, ತಂತಿಗಳ ನಡುವೆ, ಮಕ್ಕಳ ಹಾಗೆ ಕುಣಿದರು. ಏನು ಅನಾಹುತವಾಯಿತೋ ಎಂದು ಬಣ್ಣದ ಬ್ರಷ್ ಹಿಡಿದೇ ಓಡಿಬಂದ ಗಂಡ, ಕಾರಣ ಕೇಳಿ, “ಮುಂಚೆಯಿಂದಲೂ ಹಾಗೇ ಹೇಳ್ತಿತ್ತಲ್ಲ?” ಎಂದ. ಅವನನ್ನು ಹೊರಗೆ ಕಳಿಸಿದರು.

ಆಮೇಲೆ ತಿರುಗಣೆಯ ಕೆಲಸವನ್ನು ಗುಂಯ್ಯಕ್ಕ ಆ ಬೆರಳುದ್ದದ ಬೋರ್ಡಿಗೇ ಒಪ್ಪಿಸಿದಳು. ‘ಳ’ ಬಂದಾಗಲೆಲ್ಲ ಅದೇ ದನಿಯನ್ನು ಮಂಕು ಮಾಡಿ ಬೆಳಗಿಸುತ್ತಿತ್ತು. ಟೀಚರಕ್ಕ ಸನ್ನೆಯಲ್ಲೇ ಪರೀಕ್ಷೆ ಮಾಡಿದಳು: ಕೊಳ, ಹೊಳೆ, ಕಳ್ಳ, ಗುಳ್ಳೆ. ಎಲ್ಲದಕ್ಕೂ ಪಾಸು. ಕೊನೆಗೆ ಮೊಸಳೆ ಪದ್ಯವನ್ನೇ ಬರೆದು ಮುಂದಿಟ್ಟಳು. ಪೆಟ್ಟಿಗೆ ಹಾಳೆಗೆ ‘ಳ’ ಹಾಕಿ, ಬಾಲೆಗೆ ‘ಲ’ವನ್ನೇ ಉಳಿಸಿತು. ಇನ್ನೂ ತಡವರಿಸುತ್ತಿದ್ದ ಮಕ್ಕಳು ನಾಚಿದರು. ಪೆಟ್ಟಿಗೆ ಪಾಠ ಹೇಳುತ್ತದೆಂದರೆ ಅವರಿಗೆ ಎಲ್ಲಿಲ್ಲದ ಹುರುಪು. ನೀಲಿ ಬಟನ್ ಒತ್ತುವ ಮೊದಲೇ ನೆಟ್ಟಗೆ ಕೂರುತ್ತಿದ್ದರು. ಹಾಗೆ ಹಾಡುಗಳೆಲ್ಲ ಹದಕ್ಕೆ ಬಂದವು.

ಕಾರ್ಯಕ್ರಮದ ದಿನ ಶಾಲೆಯ ಹಾಲ್ ತುಂಬಿತ್ತು. ಟೀಚರಕ್ಕನಿಗೆ ಇನ್ನೂ ಮಾತಾಡುವ ಅಪ್ಪಣೆ ಸಿಕ್ಕಿರಲಿಲ್ಲ. ಅವಳು ವೇದಿಕೆಯ ಅಂಚಿನಲ್ಲಿ ನಿಂತು ಕೈಯಿಂದಲೇ ಹಾಡಿಸಿದಳು. ಪಕ್ಕದಲ್ಲಿ ಪೆಟ್ಟಿಗೆಯ ಹಿಂದೆ ಗುಂಯ್ಯಕ್ಕ. ಹತ್ತಾರು ಮಹಡಿ ಎತ್ತರದಲ್ಲಿ ಹಗ್ಗ ಕಟ್ಟಿಕೊಂಡು ಕೆಲಸ ಮಾಡಿದ ಹೆಂಗಸು, ಎರಡಡಿ ಎತ್ತರದ ವೇದಿಕೆಯ ಮೇಲೆ ಗಡಗಡ ನಡುಗುತ್ತಿದ್ದಳು.

ಕೊನೆಯದು ಮೊಸಳೆ ಪದ್ಯ. ಒಂದು ಸಾಲು ಪೆಟ್ಟಿಗೆ, ಮರುಸಾಲು ಮಕ್ಕಳು. ಜನ ಮೊದಲು ಬೆರಗಾದರು, ಆಮೇಲೆ ನಕ್ಕರು, ಆಮೇಲೆ ತಾವೂ ಬಾಯಲ್ಲಿ ಹೇಳಿಕೊಳ್ಳತೊಡಗಿದರು. ಎಲ್ಲ ಚೆನ್ನಾಗಿ ಸಾಗಿ ಕಟ್ಟಕಡೆಯ ಮಾತಿಗೆ ಬಂತು. “ನಾಳೆ ಬಾ ಎಂದಿತು ಮೊಸಳೆ” ಎಂದ ಪೆಟ್ಟಿಗೆ ಅಲ್ಲಿಗೆ ನಿಲ್ಲಲಿಲ್ಲ.

“ಳೆ. ಳೆ. ಳೆ. ಳೆ.”

ಸಾಗಿಸುವಾಗ ಯಾವುದೋ ತಂತಿ ಸಡಿಲವಾಗಿತ್ತು. ಗುಂಯ್ಯಕ್ಕನ ಮುಖ ಬಿಳಿಚಿತು. ಸ್ವಿಚ್ಚಿನ ಕಡೆ ಕೈ ಹೋಯಿತು. ಆ ಕೈಯನ್ನು ಯಾರೋ ಗಟ್ಟಿಯಾಗಿ ಹಿಡಿದರು. ಟೀಚರಕ್ಕ. ‘ಬೇಡ’ ಎಂದು ತಲೆ ಅಲ್ಲಾಡಿಸಿದಳು. ಅವಳ ಇನ್ನೊಂದು ಕೈ ಆಗಲೇ ತಾಳ ಹಿಡಿದಿತ್ತು. ಳೆ ಳೆ ಳೆ ಳೆ. ಎಷ್ಟು ಸಮನಾದ ಲಯ! ಕಿಟಕಿ ಏರುವ ಹುಡುಗಿ ಮೊದಲು ಚಪ್ಪಾಳೆ ಹಾಕಿದಳು, ಉಳಿದ ಮಕ್ಕಳು ಸೇರಿಕೊಂಡರು. ಟೀಚರಕ್ಕ ಸನ್ನೆ ಮಾಡಿದ್ದೇ ತಡ ಪದ್ಯ ಮೊದಲಿನಿಂದ ಶುರುವಾಯಿತು, ಈಗ ಹಾಡಾಗಿ, ಆ ‘ಳೆ ಳೆ’ಯ ಬೆನ್ನೇರಿ. ಗುಂಯ್ಯಕ್ಕನಿಗೆ ಧೈರ್ಯ ಬಂತು. ಆಟದ ಯಂತ್ರದ ಚಿಪ್ಪಿನ ಮೂರು ಸ್ವರಗಳನ್ನು ಕೆಳಗಿನಿಂದ ಮೆಲ್ಲಗೆ ಎತ್ತಿದಳು, ಗಾಳಿಯ ಸದ್ದನ್ನು ಭುಸ್ ಭುಸ್ ಎಂದು ತಾಳಕ್ಕೆ ಹಾಕಿದಳು, ಮೋಟರ್ ಹೊರಟ ಹಾಗೆ ಒಂದು ದನಿಯನ್ನು ತಗ್ಗಿನಿಂದ ಜಾರಿಸಿ ಜಾರಿಸಿ ತುತ್ತತುದಿಗೆ ಒಯ್ದಳು. ಹಾಲಿನಲ್ಲಿ ಕೂತವರು ಒಬ್ಬರೂ ಉಳಿಯಲಿಲ್ಲ. ಅಜ್ಜಿಯರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಮುಂದಿನ ಸಾಲಿನಲ್ಲಿ ಬಣ್ಣದ ಕೆಲಸದವನು ಚುರುಕು ಕಿವಿಯನ್ನು ವೇದಿಕೆಗೆ ತಿರುಗಿಸಿಕೊಂಡು, ಪಕ್ಕದವನ ಬೆನ್ನಿಗೆ ಗುದ್ದಿ ಗುದ್ದಿ ಹೇಳುತ್ತಿದ್ದ: “ನಮ್ಮನೆಯವಳು! ನಮ್ಮನೆಯವಳು ಕಣ್ರೀ!”

ಎಷ್ಟು ಸಲ ಹಾಡಿದರೋ. ಕೊನೆಗೆ ಟೀಚರಕ್ಕ ಎರಡೂ ಕೈ ಮೇಲೆತ್ತಿ ಮುಷ್ಟಿ ಕಟ್ಟಿದಾಗ ಗುಂಯ್ಯಕ್ಕ ಸ್ವಿಚ್ ಆರಿಸಿದಳು. ಮೌನದಲ್ಲಿ ಒಂದು ಪುಟ್ಟ ಮಗು ಎಲ್ಲಿಂದಲೋ “ಳೆ” ಎಂದಿತು. ಹಾಲ್ ಮತ್ತೆ ಸಿಡಿಯಿತು.

ಅದಾಗಿ ಕೆಲವು ವಾರಕ್ಕೆ ಡಾಕ್ಟರು ಗಂಟಲು ನೋಡಿ ನಕ್ಕರು. “ಗಂಟುಗಳು ಹೋಗಿವೆ. ಮೆಲ್ಲಗೆ ಮಾತಾಡಬಹುದು, ಟೀಚರ್. ಹಾಡೋದನ್ನ ಸ್ವಲ್ಪ ಸ್ವಲ್ಪವಾಗಿ ಶುರುಮಾಡಿ. ಕೂಗಾಟ ಮಾತ್ರ ಇನ್ನು ಜನ್ಮದಲ್ಲಿ ಬೇಡ.”

“ಬೈಯೋಕೆ ಪೆಟ್ಟಿಗೆ ಇದೆಯಲ್ಲ ಡಾಕ್ಟ್ರೇ” ಎಂದಳು ಗುಂಯ್ಯಕ್ಕ.

“ಸರಿ ಹಾಗಾದ್ರೆ. ಈಗ ಏನಾದ್ರೂ ಹೇಳಿ, ಕೇಳೋಣ” ಎಂದರು ಡಾಕ್ಟರು.

ಟೀಚರಕ್ಕ ಇಷ್ಟು ದಿನ ಕೂಡಿಟ್ಟ ಮಾತಿನಲ್ಲಿ ಯಾವುದನ್ನು ಮೊದಲು ಆಡುವುದೆಂದು ಯೋಚಿಸುತ್ತಿದ್ದಳೇನೋ. ತಂಗಿ ಅವಳ ಕೈ ಹಿಡಿದುಕೊಂಡಳು. ಟೀಚರಕ್ಕ ಗಂಟಲು ಸರಿಮಾಡಿಕೊಂಡು, ಎಳೆ ಬಿಸಿಲಿನಂಥ ಹೊಸ ದನಿಯಲ್ಲಿ, ತಂಗಿಯ ಕಡೆ ತಿರುಗಿ ಹೇಳಿದಳು:

“ನಿನ್ನ ಪೆಟ್ಟಿಗೆ ‘ಣ’ ಇನ್ನೂ ಸರಿಯಾಗಿ ಹೇಳ್ತಿಲ್ಲ ಕಣೇ.”

ಆ ಸಂಜೆಯೇ ಇಬ್ಬರೂ ಟಾರ್ಚ್ ಹಿಡಿದು ‘ಣ’ದ ಮೇಲೆ ಕೂತರು.